ಶಟರ್ ಮೇಲೆ ತೆರೆದ ಅಂಗಡಿ

ಬಸ್ ನಿಲ್ದಾಣದ ಬೆಂಚಿನಲ್ಲಿ, ನನ್ನ ಪಕ್ಕ, ಬೋರ್ಡು ಬರೆಯುವವನೊಬ್ಬ ಖಾಲಿ ಬಣ್ಣದ ಡಬ್ಬಿಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಅವನ ಅತ್ತಿಗೆ ಎದುರು ನಿಂತು ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

"ನನ್ನ ಅಂಗಡಿ ಶಟರ್ ಮೇಲೆ ಅದೇನೋ ಬರೆದಿದೀಯ?"

"ಅಂಗಡೀನೇ ಅತ್ತಿಗೆ. ದಾರ, ಗುಂಡಿ, ಲೇಸು. ಮುಚ್ಚಿರೋ ಅಂಗಡಿಗಳಿಗೆಲ್ಲ ತೆರೆದಿರೋ ಅಂಗಡಿ ಚಿತ್ರ ಬರಿ ಅಂದ್ರು ನಗರಸಭೆಯೋರು. ಊರಿನ ವ್ಯಾಪಾರ ಹೇಗಿದೆ ಅಂತ ನೋಡೋಕೆ ನಾಳೆ ದೊಡ್ಡ ಸಾಹೇಬರು ಬರ್ತಾರಂತೆ."

"ಥೂ! ಹೆಣಕ್ಕೆ ಪೌಡರ್ ಬಳಿದ ಹಾಗೆ. ಗಲ್ಲಾ ಹಿಂದೆ ಹಲ್ಲು ಕಿರೀತಾ ಕೂತಿರೋಳು ಯಾರು?"

"ನೀವೇ. ಮಾಲೀಕರು ನಗ್ತಿರಬೇಕು ಅಂತ ಆರ್ಡರ್."

"ಬಾಗಿಲು ಹಾಕಿದ ದಿನ ನಾನು ಬಿಕ್ಕಿ ಬಿಕ್ಕಿ ಅತ್ತಿದ್ದು ನೋಡಿದೋನಲ್ವೇನೋ ನೀನು? ಕೈಯಾದ್ರೂ ಹೇಗೆ ಬಂತೋ?"

"ಹೊಟ್ಟೆಪಾಡು. ಹಲ್ಲು ಕಚ್ಕೊಂಡು ಬರೆದೆ."

"ಅಂಗಡಿ ತೆರೆದಿದ್ದಾಗ ಆ ನಗರಸಭೆಯೋರಲ್ಲಿ ಒಬ್ಬರಾದ್ರೂ ಬಂದು ಒಂದು ಗುಂಡಿ ತಗೊಂಡ್ರಾ? ಎಲ್ಲಾ ಹೆದ್ದಾರಿ ಪಕ್ಕದ ಮಾಲ್‌ಗೇ ಓಡಿದ್ರು. ಈಗ ಬಣ್ಣ ಬಳಿಸ್ತಾರಂತೆ, ಬಣ್ಣ! ವಾಕರಿಕೆ ಬರುತ್ತೆ."

ಬಸ್ಸು ಬಂತು. ಅವನು ಡಬ್ಬಿಗಳನ್ನು ಎತ್ತಿಕೊಂಡ.

"ಈಗೆಲ್ಲಿಗೆ ಸವಾರಿ?"

"ಆ ಮಾಲ್‌ಗೇ. ಬಣ್ಣ ಮುಗೀತು."

"ನಮ್ಮ ಬೀದಿ ಮೂಲೇಲಿರೋ ಬಣ್ಣದಂಗಡಿಗೆ ಏನು ಬಂದಿದೆ ರೋಗ?"

ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದ.

"ನಿನ್ನೆ ಅದೂ ಬಾಗಿಲು ಹಾಕ್ತು ಅತ್ತಿಗೆ. ಅದರ ಶಟರ್ ಬರೆಯೋಕೇ ಬಣ್ಣ ಬೇಕಾಗಿರೋದು."