ಮಗ್ಗದ ಗುಣಿಯಲ್ಲಿ ನೀರು

ಈ ಶಾಲಾ ವಾರ್ಷಿಕೋತ್ಸವದ ಅಧ್ಯಕ್ಷರಾದ ಶ್ರೀ ಓಂಕಾರಮೂರ್ತಿಯವರೇ, ಚಳ್ಳಕೆರೆಯಿಂದ ನೆನೆದುಕೊಂಡೇ ಬಂದಿರುವ ಅತಿಥಿ ಮಹನೀಯರೇ, ನನ್ನ ಕೈಯಲ್ಲಿ ಪೆಟ್ಟು ತಿಂದೂ ನನ್ನನ್ನು ಸನ್ಮಾನಿಸಲು ಸೇರಿರುವ ಹಳೆಯ ವಿದ್ಯಾರ್ಥಿಗಳೇ, ಮೊಳಕಾಲ್ಮೂರು ಸೀಮೆಯ ಈ ಊರಿನ ಕೆಳಗೇರಿಯ ನೇಕಾರ ಬಂಧುಗಳೇ, ಸಭಿಕರೇ,

ಗಂಟೆ ಬಾರಿಸಿದರೂ ನನ್ನ ಪಾಠ ಮುಗಿಯುವುದಿಲ್ಲವೆಂಬ ದೂರು ಹಳೆಯದು. ಇಂದು ಬೇಗ ಮುಗಿಸುತ್ತೇನೆ. ಏಕೆಂದರೆ ನನಗೆ ಭಯವಾಗಿದೆ. ಐದು ದಿನಗಳಿಂದ ಮಳೆ ಬಿಟ್ಟಿಲ್ಲ. ಕೆರೆ ತುಂಬಿದೆ. ಕೆರೆಯ ಏರಿಯ ಕೆಳಗೆ ನಿಮ್ಮ ಮನೆಗಳಿವೆ.

ನನ್ನ ಹಿಂದೆ ತೂಗುತ್ತಿರುವ ಭೂಪಟಕ್ಕಾಗಿ ಈ ಸನ್ಮಾನ. ‘ಕರ್ನಾಟಕದ ಪ್ರಕೃತಿ ವಿಕೋಪಗಳು’ ಎಂಬ ಈ ಪಟವನ್ನು ಹನ್ನೊಂದು ವರ್ಷ ಕುಳಿತು ಬರೆದೆ. ಕರಾವಳಿಗೆ ಕಡಲ್ಕೊರೆತದ ನೀಲಿ. ಕೊಡಗಿಗೆ ಭೂಕುಸಿತದ ಕಂದು. ಕೃಷ್ಣಾ, ಭೀಮಾ ತೀರಗಳಿಗೆ ನೆರೆಯ ಹಸಿರು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ? ಬರದ ಹಳದಿ. ಬರೀ ಹಳದಿ. ಒಂದು ಹನಿ ಹಸಿರನ್ನೂ ನಾನು ಇಲ್ಲಿ ಹಾಕಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಇಂಥದೇ ಮಳೆಯಲ್ಲಿ ಲಕ್ಷ್ಮಕ್ಕ ನನ್ನ ಜಗಲಿಗೆ ಬಂದರು. ರೇಷ್ಮೆ ಸೀರೆ ನೇಯುವವರು. ಮಗ್ಗದ ಗುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಕೂರುವವರು.

“ಮೇಷ್ಟ್ರೇ, ಗುಣ್ಯಾಗೆ ಕಾಲು ತಣ್ಣಗಾಗ್ತೈತ್ರಿ. ನೆಲ ಒಳಗಿಂದ ಜಿನುಗ್ತೈತೆ. ಏರಿ ತಡಿಯಂಗಿಲ್ಲ ಅನ್ನಿಸ್ತೈತೆ. ನೀವೊಂದು ಮಾತು ಹೇಳಿದ್ರೆ ಕೇರಿಯೋರು ಎದ್ದು ಬರ್ತಾರ್ರಿ.”

ನಾನು ಅವರನ್ನು ಆಗ ನನ್ನ ಮನೆಯ ಗೋಡೆಯ ಮೇಲಿದ್ದ ಇದೇ ಪಟದ ಮುಂದೆ ನಿಲ್ಲಿಸಿದೆ. “ಇಲ್ಲಿ ನೆರೆ ಎಲ್ಲಿದೆ ತೋರಿಸಮ್ಮ” ಎಂದೆ. ಓದು ಬಾರದ ಹೆಂಗಸನ್ನು ಪಟದ ಮುಂದೆ ನಿಲ್ಲಿಸಿದೆ, ಸಭಿಕರೇ. ಜೊತೆಗೆ ಬಂದಿದ್ದ ಅವರ ಗಂಡ ತೋಟಪ್ಪ ನಕ್ಕ. “ಕೇಳಿದ್ಯೇನೆ? ಮೇಷ್ಟ್ರ ತಲೆಗಿಂತ ನಿನ್ನ ಕಾಲಿಗೆ ಬುದ್ಧಿ ಜಾಸ್ತಿ ಐತೇನು? ನಡಿ, ಸೆರಗು ಮುಗಿಸು.” ನಾನೂ ನಕ್ಕೆ.

ಮರುದಿನ ಸಂಜೆ ಏರಿ ಒಂದು ಕಡೆ ಬಾಯಿ ಬಿಟ್ಟಿತು. ಹೆಂಡತಿಯನ್ನು ದಿಬ್ಬ ಹತ್ತಿಸಿದ ತೋಟಪ್ಪ, ಮುಗಿದ ಸೀರೆಯನ್ನು ಮಗ್ಗದಿಂದ ಕೊಯ್ದು ತರುತ್ತೇನೆಂದು ಹಿಂದಿರುಗಿದ. ನೀರಿಳಿದ ಮೇಲೆ ಅವನು ಸಿಕ್ಕಿದ್ದು ಅದೇ ಗುಣಿಯಲ್ಲಿ.

ವಿಚಾರಣೆಗೆ ಬಂದವರಿಗೆ ವರದಿ ಬರೆದುಕೊಟ್ಟವನು ನಾನೇ. ‘ಯಾವುದೇ ಮುನ್ಸೂಚನೆ ಇರಲಿಲ್ಲ’ ಎಂದು ಬರೆದೆ. ವಾಕ್ಯ ಶುದ್ಧವಾಗಿತ್ತು. ಅದು ಸುಳ್ಳಾಗಿತ್ತು. ಮುನ್ಸೂಚನೆ ಇತ್ತು. ನನ್ನ ಜಗಲಿಯವರೆಗೆ ನಡೆದು ಬಂದಿತ್ತು. ಇದನ್ನು ನಾನು ನನ್ನ ಮಡದಿಗೂ ಹೇಳಿಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಆಕೆ ಈಗಷ್ಟೇ ಕೇಳುತ್ತಿದ್ದಾಳೆ.

ಇಂದು ಬೆಳಿಗ್ಗೆ ಲಕ್ಷ್ಮಕ್ಕ ನನ್ನ ಮನೆಯ ಮುಂದೆಯೇ ಹಾದುಹೋದರು. ಒಳಗೆ ಬರಲಿಲ್ಲ. ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ಕೇಳಿಸಿತು: “ಗುಣ್ಯಾಗೆ ಮತ್ತೆ ನೀರು ಬಂದೈತೆ. ಮೇಷ್ಟ್ರಿಗೆ ಮಾತ್ರ ಹೇಳಬ್ಯಾಡ್ರವ್ವ, ಪಟ ತೋರಿಸ್ತಾರೆ.”

ನಾನೇ ಹೋದೆ. ಅವರ ಗುಣಿಯಲ್ಲಿ ಕಾಲಿಟ್ಟೆ. ಹಿಮ್ಮಡಿ ಮುಳುಗಿತು. ಅಲ್ಲಿಂದ ತಾಲ್ಲೂಕು ಕಚೇರಿಗೆ ಫೋನ್ ಮಾಡಿದೆ. “ನಾಳೆ ಬಂದು ನೋಡುತ್ತೇವೆ” ಎಂದರು. ಮಧ್ಯಾಹ್ನ ಅದೇ ಗುಣಿಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು.

ನಾಳೆ ಎಂಬುದು ನಮಗೆ ಇದೆಯೇ?

ನಾನು ವೇದಿಕೆ ಹತ್ತುವಾಗ ನಿರೂಪಕಿ ಕಾಂಚನಾ ಮೆಟ್ಟಿಲ ಬಳಿ ನನಗೊಂದು ಸಂಗತಿ ತಿಳಿಸಿದರು. ಲಕ್ಷ್ಮಕ್ಕ ಕೆಳಗೇರಿಯಲ್ಲಿ ಒಂದೊಂದೇ ಬಾಗಿಲು ಬಡಿಯುತ್ತಿದ್ದಾರಂತೆ. ಒಳಗಿನವರು ಎದ್ದು ಬರುತ್ತಿಲ್ಲವಂತೆ. “ಮೇಷ್ಟ್ರು ಏನಂದ್ರು?” ಎಂದು ಕೇಳುತ್ತಿದ್ದಾರಂತೆ.

ಮೇಷ್ಟ್ರು ಹೇಳುತ್ತಿದ್ದಾನೆ, ಕೇಳಿ: ಲಕ್ಷ್ಮಕ್ಕ ಹೇಳಿದ್ದು ನಿಜ. ಶಾಲೆ ದಿಬ್ಬದ ಮೇಲಿದೆ. ಮಕ್ಕಳು ಇಲ್ಲಿಯೇ ಇರಲಿ. ದೊಡ್ಡವರು ನನ್ನೊಡನೆ ಬನ್ನಿ, ಮುದುಕರನ್ನೂ ಬಾಣಂತಿಯರನ್ನೂ ಕರೆತರೋಣ. ಮಗ್ಗದ ಮೇಲಿನ ಸೀರೆ ಮಗ್ಗದ ಮೇಲೆಯೇ ಇರಲಿ. ಯಾರೂ ಕತ್ತರಿ ಹುಡುಕಬೇಡಿ.

ಅಧ್ಯಕ್ಷರೇ, ಶಾಲು ಬೇಡ. ನಿಮ್ಮ ಕಾರಿನ ಕೀಲಿ ಕೊಡಿ. ತಾಳ್ಮೆಯಿಂದ ಕೇಳಿದ್ದಕ್ಕೆ ವಂದನೆಗಳು. ಇನ್ನು ತಾಳ್ಮೆ ಬೇಡ, ಏಳಿ. ಆ ಬಾಗಿಲುಗಳನ್ನು ನಾನೂ ಬಡಿಯಬೇಕಾಗಿದೆ. ನಮಸ್ಕಾರ.