ಕರುವಿನ ಪಾಲಿನ ಮೊಲೆ

ಇದು ನಮ್ಮ ದೊಡ್ಡಪ್ಪನ ಮಗ ಪ್ರಭುರಾಜನಿಗೆ ಆದದ್ದು. ಹೋದ ವರ್ಷ, ಕಾರ್ತಿಕದಲ್ಲಿ. ಇವತ್ತಿಗೂ ಅವನು ಕತ್ತಲಾದ ಮೇಲೆ ಬಲಗೈ ಜೋತುಬಿಟ್ಟು ನಡೆಯುವುದಿಲ್ಲ. ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ. ಊರವರು ನಗುತ್ತಾರೆ. ಯಾಕೆಂದು ಗೊತ್ತಿದ್ದವರು ನಗುವುದಿಲ್ಲ.

ರಾತ್ರಿ ಹತ್ತೂವರೆ ಇರಬೇಕು. ತಾವರಗೇರಾದಿಂದ ಬಂದ ಟಂಟಂ ಆಟೋ ಅವನನ್ನು ಕ್ರಾಸಿನಲ್ಲಿ ಇಳಿಸಿ ಹೋಯಿತು. ಅದರ ಸದ್ದು ಗುಡ್ಡದಾಚೆ ಸಣ್ಣಗಾಗಿ… ನಿಂತಿತು. ಊರಿಗೆ ಇನ್ನೂ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಅವನ ಕೊರಳಲ್ಲಿ ಚೆಂಡುಹೂವಿನ ಮಾಲೆ, ಹೆಗಲ ಮೇಲೆ ಶಾಲು, ಎಡಗೈಯಲ್ಲಿ ಹೊಸ ಸ್ಟೀಲಿನ ಕ್ಯಾನು. ಹಾಲಿನ ಡೇರಿಯವರು ಅವತ್ತು ಅವನಿಗೆ ಸನ್ಮಾನ ಮಾಡಿದ್ದರು. ಸುತ್ತಲಿನ ಹಳ್ಳಿಗಳಲ್ಲೆಲ್ಲ ಒಂದೇ ಎಮ್ಮೆಯಿಂದ ಅತಿ ಹೆಚ್ಚು ಹಾಲು ಹಾಕಿದವನು ಅವನೇ. ಡೇರಿಯ ಗೋಡೆಯ ಬೋರ್ಡಿನ ಮೇಲೆ ಎರಡು ತಿಂಗಳಿಂದ ಮೊದಲ ಹೆಸರು ಪ್ರಭುರಾಜನದು.

ಮಾಲೆ ಹಾಕಿದ ಮೇಲೆ ದನದ ಡಾಕ್ಟರಮ್ಮ ಮೈಕಿನಲ್ಲಿ ಒಂದು ಮಾತು ಕೇಳಿದ್ದಳು. ಇಷ್ಟು ಹಾಲು ಹಾಕುತ್ತೀರಿ, ಕರು ಹೇಗಿದೆ ಎಂದು.

ಪ್ರಭುರಾಜ ಕೊರಳಿನ ಮಾಲೆ ಸರಿಮಾಡಿಕೊಂಡ. ಆಮೇಲೆ ಅಂದ, "ಮನಿ ಮಗನ್ಹಂಗ ಸಾಕೀನ್ರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕರು ಸತ್ತು ಆಗಲೇ ಎರಡು ತಿಂಗಳಾಗಿತ್ತು.

ಸತ್ತಿತು ಎನ್ನುವುದು ಅವನ ಮಾತು. ಕೊಂದ ಎನ್ನುವುದು ನನ್ನ ಮಾತು. ಕೊಡಲಿ ಹಿಡಿಯಲಿಲ್ಲ, ಅಷ್ಟೇ. ಗಂಡುಗರು ಅದು. ಹೆಣ್ಣಾಗಿದ್ದರೆ ಬದುಕುತ್ತಿತ್ತು. ನೀವೂ ನಿಮ್ಮ ಊರಲ್ಲಿ ಎಮ್ಮೆ ಎಷ್ಟಿವೆ ಎಣಿಸಿ, ಕೋಣ ಎಷ್ಟಿವೆ ಎಣಿಸಿ. ಹುಟ್ಟುವಾಗ ಅರ್ಧಕ್ಕರ್ಧ ಹುಟ್ಟುತ್ತವೆ. ಮಿಕ್ಕವು ಎಲ್ಲಿ ಹೋದವು? ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಚಹಾ ಕುಡಿಯುವ ನಾನೂ ಬಿಟ್ಟಿರಲಿಲ್ಲ.

ಪ್ರಭುರಾಜನ ತಾಯಿ ಶಿವಬಸಮ್ಮ ಬದುಕಿದ್ದಾಗ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿಂಡುವವರು ಮೂರು ಮೊಲೆ ಹಿಂಡಬೇಕು. ಎಡಗಡೆಯ ಹಿಂದಿನ ಮೊಲೆ ಕರುವಿನದು. ಅದಕ್ಕೆ ಯಾರೂ ಕೈ ಹಚ್ಚುವಂತಿಲ್ಲ, ಮನೆಗೆ ಬೀಗರು ಬಂದರೂ ಸರಿಯೇ. ಮುದುಕಿ ಹೋದಳು, ಪದ್ಧತಿಯೂ ಅವಳ ಹಿಂದೆಯೇ ಹೋಯಿತು. ಬೋರ್ಡಿನ ಮೇಲೆ ಹೆಸರು ಮೇಲೇರಬೇಕೆಂದರೆ ನಾಲ್ಕನೆಯ ಮೊಲೆಯೂ ಬೇಕು. ಪ್ರಭುರಾಜನ ಹೆಂಡತಿ ಶಿವಲೀಲಾ ಮೊದಲ ವಾರ ಹೇಳಿದಳು, ಎರಡನೆಯ ವಾರ ಹೇಳಿದಳು, ಮೂರನೆಯ ವಾರ ಹೇಳುವುದನ್ನು ಬಿಟ್ಟಳು.

ಎಮ್ಮೆ ಸುಮ್ಮನೆ ಹಾಲು ಇಳಿಸುವುದಿಲ್ಲ. ಕರು ಬಂದು ಮೂತಿ ಹಚ್ಚಬೇಕು, ಗುದ್ದಬೇಕು. ಹಾಗಾಗಿ ಪ್ರಭುರಾಜ ಕರುವನ್ನು ಬಿಡುತ್ತಿದ್ದ. ನಾಲ್ಕು ಸಲ ಚೀಪಿತೋ ಇಲ್ಲವೋ, ಎಳೆಯುತ್ತಿದ್ದ. ಎಳೆದರೆ ಅದು ಬರುತ್ತಿರಲಿಲ್ಲ, ಮೊಲೆಗೇ ಜೋತುಬೀಳುತ್ತಿತ್ತು. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡಿದ್ದ. ಬಲಗೈಯ ಎರಡು ಬೆರಳನ್ನು ಅದರ ಬಾಯಿಗೆ ತುರುಕುವುದು. ಕರು ಅದನ್ನೇ ಮೊಲೆ ಅಂದುಕೊಂಡು ಚೀಪುತ್ತಾ… ಚೀಪುತ್ತಾ… ಅವನ ಹಿಂದೆ ಗೂಟದ ತನಕ ಬರುತ್ತಿತ್ತು. ಗೂಟಕ್ಕೆ ಕಟ್ಟಿ ಬೆರಳು ಕಿತ್ತುಕೊಂಡು ಬರುತ್ತಿದ್ದ. ದಿನಕ್ಕೆ ಎರಡು ಹೊತ್ತು, ಇಪ್ಪತ್ತೊಂದು ದಿನ. ಇಪ್ಪತ್ತೆರಡನೆಯ ದಿನ ಬೆರಳು ಕೊಟ್ಟರೂ ಅದು ಬಾಯಿ ತೆರೆಯಲಿಲ್ಲ.

ಹೊಟ್ಟೆಬೇನೆ ಎಂದು ಊರಿಗೆಲ್ಲ ಹೇಳಿದ. ಚರ್ಮ ಸುಲಿಸಿದ. ಉಳಿದದ್ದನ್ನು ಗೊಬ್ಬರದ ಚೀಲದಲ್ಲಿ ಹಾಕಿ, ಊರ ದಾರಿಯಲ್ಲಿ ಆಲದ ಮರದ ಬುಡಕ್ಕಿರುವ ಹಾಳುಬಾವಿಗೆ ಎಸೆದು ಬಂದ. ಕರು ಇಲ್ಲದೆ ಎಮ್ಮೆ ಹಾಲು ಇಳಿಸಲಿಲ್ಲ. ಸೂಜಿ ಚುಚ್ಚಿ ಇಳಿಸುವವರಿದ್ದಾರೆ, ಅದು ಪಾಪ ಎಂದ ನಮ್ಮ ಪ್ರಭುರಾಜ. ಪಾಪಕ್ಕೆ ಹೆದರುವವನು! ಚರ್ಮವನ್ನು ಹಿಡಿದುಕೊಂಡು ಮಕ್ಬುಲಸಾಬನ ಮನೆಗೆ ಹೋದ.

ಮಕ್ಬುಲಸಾಬ ಅರಳೆ ಹಿಂಜಿ ಗಾದಿ ತುಂಬುವವನು. ಎಪ್ಪತ್ತರ ಮುದುಕ. ದಬ್ಬಣ ಹಿಡಿದರೆ ಇವತ್ತಿಗೂ ಗೆರೆ ಎಳೆದಂತೆ ಹೊಲಿಗೆ. ಚರ್ಮ ಹೊಲಿದು, ಒಳಗೆ ಹುಲ್ಲು ತುಂಬಿ, ಕರುವಿನಂತೆ ಮಾಡಿಕೊಡಬೇಕು ಎಂದು ಪ್ರಭುರಾಜ ಕೇಳಿದ. ಮುದುಕ ಚರ್ಮದ ಒಳಮೈಯನ್ನು ತಿರುವಿ ಬಿಸಿಲಿಗೆ ಹಿಡಿದ. ಬೆರಳಾಡಿಸಿದ. ಕೊಬ್ಬಿನ ಒಂದು ಎಳೆಯೂ ಇರಲಿಲ್ಲ.

"ಏನಾಗಿತ್ತು ತಮ್ಮಾ?"

"ಹೊಟ್ಟಿಬ್ಯಾನಿ ಕಾಕಾ."

"ಹೊಟ್ಟೀನ ಕಾಣವಲ್ತಲ್ಲೋ ಇದಕ್ಕ. ಬ್ಯಾನಿ ಎಲ್ಲಿ ಬಂತು?"

ಪ್ರಭುರಾಜ ನೆಲ ನೋಡಿದ. ಮಕ್ಬುಲಸಾಬ ದಬ್ಬಣಕ್ಕೆ ದಾರ ಪೋಣಿಸಿದ.

"ಆತು ಬಿಡು. ನಿನ್ನ ಕೈಲೆ ಆಗಲಿಲ್ಲ. ಇದರ ಹೊಟ್ಟಿ ನಾ ತುಂಬಿ ಕೊಡ್ತೀನಿ."

ಗಂಗಾವತಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಭತ್ತದ ಹುಲ್ಲು ಇತ್ತು. ಅದನ್ನೇ ಒತ್ತಿ ಒತ್ತಿ ತುಂಬಿದ. ಹೊಟ್ಟೆ ಗುಂಡಗಾಯಿತು. ಬದುಕಿದ್ದಾಗ ಒಂದು ದಿನವೂ ಹಾಗೆ ಗುಂಡಗಿರಲಿಲ್ಲ.

ಅವತ್ತಿನಿಂದ ಹಿಂಡುವ ಹೊತ್ತಿಗೆ ಆ ಹುಲ್ಲಿನ ಕರುವಿಗೆ ಉಪ್ಪುನೀರು ಸವರಿ ಎಮ್ಮೆಯ ಮುಂದೆ ಇಡುವುದು. ಎಮ್ಮೆ ಅದನ್ನು ನೆಕ್ಕುವುದು, ನೆಕ್ಕುತ್ತಾ ಹಾಲು ಇಳಿಸುವುದು. ಆದರೆ ದನಿ ತೆಗೆಯುತ್ತಿರಲಿಲ್ಲ. ತಾಯಿ ಎಮ್ಮೆ ತನ್ನ ಕರುವಿಗೆ ಮಾತ್ರ ಮಾಡುವ ಒಂದು ಸದ್ದಿದೆ, ಮೂಗಿನೊಳಗೇ, ಹ್ಞೂಂ… ಹ್ಞೂಂ… ಎಂದು. ಆ ಎರಡು ತಿಂಗಳಲ್ಲಿ ಅದು ಒಂದು ಸಲವೂ ಕೇಳಲಿಲ್ಲ. ಹಿಂಡಿದ ಮೇಲೆ ಹುಲ್ಲಿನ ಕರುವನ್ನು ಇಲಿ ಕಡಿಯಬಾರದೆಂದು ಗೋಡೆಯ ಗೂಟಕ್ಕೆ ನೇತುಹಾಕಿ, ಕೊಟ್ಟಿಗೆಗೆ ಬೀಗ ಹಾಕುತ್ತಿದ್ದರು.

ಈಗ ಆ ರಾತ್ರಿಗೆ ಬರೋಣ.

ಎರಡೂ ಕಡೆ ಮೊಣಕಾಲೆತ್ತರದ ಜೋಳ. ಗಾಳಿ ಇಲ್ಲ. ಪ್ರಭುರಾಜ ಆಲದ ಮರದ ಹತ್ತಿರ ಬಂದ. ಬಾವಿಯ ಕಡೆ ನೋಡಬಾರದು ಎಂದುಕೊಂಡ. ನೋಡಲಿಲ್ಲ. ಕ್ಯಾನಿನ ಹಿಡಿಕೆ ಕಿರ್ರ್… ಕಿರ್ರ್… ಅನ್ನುತ್ತಿತ್ತು. ಅದೊಂದೇ ಸದ್ದು.

ಬಾವಿ ದಾಟಿ ಹತ್ತು ಹೆಜ್ಜೆ ಹೋಗಿರಬೇಕು. ಹಿಂದೆ ಇನ್ನೊಂದು ಸದ್ದು ಸೇರಿಕೊಂಡಿತು. ತಪ್… ತಪ್… ತಪ್… ಒದ್ದೆ ಕಾಲು ಮಣ್ಣಿನ ಮೇಲೆ ಬಿದ್ದಂತೆ. ಅವನು ನಿಂತ. ಅದೂ ನಿಂತಿತು. ನಾಯಿ ಇರಬೇಕು ಅಂದುಕೊಂಡ. "ಹಚಾ" ಎಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಮತ್ತೆ ನಡೆದ. ಬಲಗೈ ಜೋತುಬಿಟ್ಟಿದ್ದ…

ಎರಡು ಬೆರಳು ಬೆಚ್ಚಗಾದವು.

ಒದ್ದೆ ಬಾಯಿ. ಒರಟು ನಾಲಿಗೆ. ಚಪ್… ಚಪ್… ಚಪ್… ಅಂಗೈಯ ತನಕ ಜೊಲ್ಲು ಇಳಿಯಿತು. ಬೇರೆ ಯಾರಿಗಾದರೂ ಅದು ಏನೆಂದು ತಿಳಿಯಲು ಹೊತ್ತು ಹಿಡಿಯುತ್ತಿತ್ತು. ಇಪ್ಪತ್ತೊಂದು ದಿನ, ಎರಡೆರಡು ಹೊತ್ತು ಆ ಬಾಯಿಗೆ ಬೆರಳು ಕೊಟ್ಟವನಿಗೆ ಹಿಡಿಯಲಿಲ್ಲ.

ಕೆಳಗೆ ನೋಡುವ ಧೈರ್ಯ ಬರಲಿಲ್ಲ. ಕ್ಯಾನು ಬಿಟ್ಟ. ಎಡಗೈಯನ್ನು ಮೆಲ್ಲಗೆ ತಂದು ಅದರ ತಲೆ ಇರಬೇಕಾದ ಜಾಗಕ್ಕೆ ಮುಟ್ಟಿಸಿದ.

ತಲೆ ಇತ್ತು. ಬೆಚ್ಚಗಿತ್ತು. ಕೂದಲಿರಲಿಲ್ಲ. ತೊಗಲೂ ಇರಲಿಲ್ಲ. ಸುಲಿದ ಮಾಂಸದ ನುಣುಪು ಅವನ ಅಂಗೈಗೆ ಹತ್ತಿತು.

ಓಡಬೇಕಿತ್ತು. ಆಗಲಿಲ್ಲ. ಅದು ಬೆರಳು ಬಿಡಲಿಲ್ಲ. ಕಚ್ಚಲೂ ಇಲ್ಲ. ಬರೀ ಚೀಪುತ್ತಿತ್ತು. ಅವನು ನಡೆದ, ಅದೂ ನಡೆಯಿತು. ಗೂಟದ ತನಕ ನಡೆಸಿಕೊಂಡು ಹೋಗುತ್ತಿದ್ದನಲ್ಲ, ಹಾಗೆಯೇ. ಉಳಿದ ದಾರಿ ಪೂರ್ತಿ. ಬಾಯಲ್ಲಿ ಏನೇನೋ ದೇವರ ಹೆಸರು ಬಂದವು, ಯಾವುದನ್ನೂ ಪೂರ್ತಿ ಹೇಳಲಾಗಲಿಲ್ಲ. ಕೊನೆಗೆ ಕರುವಿಗೇ ಹೇಳಿದ, "ಅದರಾಗ ಹಾಲ ಇಲ್ಲಪಾ… ಏನೂ ಇಲ್ಲ ಅದರಾಗ." ಚೀಪುವುದು ನಿಲ್ಲಲಿಲ್ಲ.

ಅವನ ಮನೆಯ ಹಿತ್ತಲ ಬೇಲಿ ಬಂತು. ಅಲ್ಲಿ ಬೆರಳು ತಟ್ಟನೆ ತಣ್ಣಗಾದವು. ಪಕ್ಕದಲ್ಲಿ ಏನೂ ಇರಲಿಲ್ಲ.

ಕೊಟ್ಟಿಗೆಯ ಮುಂದೆ ಶಿವಲೀಲಾ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಂಡನನ್ನು ಕಂಡು ಕೈ ಎತ್ತಿ ಸುಮ್ಮನಿರು ಎಂದಳು. ಕೊರಳಲ್ಲಿನ ಮಾಲೆಯನ್ನು ಅವಳು ನೋಡಲೂ ಇಲ್ಲ.

"ಒಳಗ ಏನೋ ಕುಡ್ಯಾಕತ್ತೈತ್ರಿ," ಪಿಸುಗುಟ್ಟಿದಳು.

"ಯಾರದರ ಕರ ಹೊಕ್ಕೈತೇನು?"

"ಕೀಲಿ ನಾನ ಹಾಕೀನಿ. ಇಲ್ಲೈತಿ ನೋಡ್ರಿ, ಕೈಯಾಗ."

ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿದರು.

ಚಪ್… ಚಪ್… ಚಪ್… ಗಟಕ್. ಚಪ್… ಚಪ್… ನಡುವೆ ಕೆಚ್ಚಲಿಗೆ ತಲೆಯಿಂದ ಗುದ್ದುವ ಸದ್ದು, ಧಬ್… ಧಬ್… ಅದರ ಜೊತೆಗೆ ಒಣಹುಲ್ಲು ಸರಕ್… ಸರಕ್… ಎಂದು ಹಿಂಡಿಕೊಳ್ಳುವ ಸದ್ದು. ಆಮೇಲೆ, ಎರಡು ತಿಂಗಳಿಂದ ಬಾಯಿ ಬಿಡದ ಎಮ್ಮೆ ಮೂಗಿನೊಳಗಿಂದ ಕರೆಯಿತು.

ಹ್ಞೂಂ… ಹ್ಞೂಂ…

ಪ್ರಭುರಾಜ ಮೊಬೈಲಿನ ಬೆಳಕು ಹಚ್ಚಿ ಬಾಗಿಲ ಸಂದಿಗೆ ಹಿಡಿಯಲು ಹೋದ. ಶಿವಲೀಲಾ ಅವನ ಮಣಿಕಟ್ಟು ಹಿಡಿದಳು. ಬೆರಳಿನ ಜೊಲ್ಲು ಅವಳ ಕೈಗೆ ಹತ್ತಿತು. ಸೀರೆಗೆ ಒರೆಸಿಕೊಂಡಳು.

"ಹೊಟ್ಟಿಬ್ಯಾನಿ ಅಲ್ಲ ಅದು," ಎಂದ ಪ್ರಭುರಾಜ. ಎರಡು ತಿಂಗಳಲ್ಲಿ ಅವನು ಆಡಿದ ಮೊದಲ ನಿಜ.

"ಗೊತ್ತೈತಿ."

"ನಾ…"

"ನನಗೂ ಗೊತ್ತಿತ್ತು. ರಾತ್ರಿ ಅದು ಒದರೂದು ಕೇಳಿ ಹೊಚ್ಚಿಗೊಂಡು ಮಲಗೀನಿ. ಎದ್ದು ಹೋಗಿ ಅದನ್ನ ಬಿಚ್ಚಿ ತಾಯಿ ಕಡೆ ಬಿಡಬಹುದಿತ್ತು ನಾನು. ಬಿಡಲಿಲ್ಲ." ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅಂದಳು, "ಈಗರ ಕುಡೀಲಿ ಬಿಡ್ರಿ."

ಗಂಡ ಹೆಂಡತಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಸದ್ದು ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ಕೋಳಿ ಕೂಗಿದ ಮೇಲೆ ಶಿವಲೀಲಾ ಕೀಲಿ ತೆಗೆದಳು. ನಾನು ಪಕ್ಕದ ಮನೆಯವನು, ಚಂಬು ಹಿಡಿದು ಹೊರಗೆ ಹೊರಟಿದ್ದೆ. ಅವಳು ನನ್ನನ್ನು ಕೈ ಮಾಡಿ ಕರೆದಳು. ಒಳಗೆ ಹೋಗುವಾಗ ಮೂವರಿದ್ದೆವು, ಅದಕ್ಕೇ ಹೇಳುತ್ತಿದ್ದೇನೆ.

ಒಳಗೆ ಎಲ್ಲ ಇದ್ದ ಹಾಗೇ ಇತ್ತು. ಹುಲ್ಲಿನ ಕರು ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಹೊಲಿಗೆಯ ಒಂದು ದಾರವೂ ಹರಿದಿರಲಿಲ್ಲ. ಬೇಲಿಯ ಕಡೆ ಕಿಟಕಿ ಇಲ್ಲ, ಬಾಗಿಲು ಒಂದೇ. ಎಮ್ಮೆ ಮೆಲುಕು ಹಾಕುತ್ತಾ ನಿಂತಿತ್ತು. ಪ್ರಭುರಾಜ ಕುಕ್ಕರಗಾಲಲ್ಲಿ ಕೂತು ಕೆಚ್ಚಲು ಮುಟ್ಟಿದ. ಮುಂದಿನ ಎರಡು ಮೊಲೆ ಬಿಗಿಯಾಗಿದ್ದವು. ಬಲಗಡೆಯ ಹಿಂದಿನದೂ ಬಿಗಿ. ಎಡಗಡೆಯ ಹಿಂದಿನ ಮೊಲೆ ಖಾಲಿ ಚೀಲದಂತೆ ಜೋತುಬಿದ್ದಿತ್ತು. ತುದಿಯಲ್ಲಿ ನೊರೆ ಇನ್ನೂ ಆರಿರಲಿಲ್ಲ. ಎಲ್ಲವನ್ನೂ ಕುಡಿಯಬಹುದಿತ್ತು ಅದು. ತನ್ನದನ್ನಷ್ಟೇ ಕುಡಿದಿತ್ತು.

ಪ್ರಭುರಾಜ ಆ ಕೆಚ್ಚಲಿಗೆ ಹಣೆ ಹಚ್ಚಿ ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಸಮಾಧಾನ ಮಾಡಬೇಕು ಅನ್ನಿಸಲಿಲ್ಲ ನನಗೆ. ಅಳಲಿ ಎಂದುಕೊಂಡೆ.

ಅವತ್ತು ಮಧ್ಯಾಹ್ನ ಹುಲ್ಲಿನ ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಹಾಳುಬಾವಿಯ ಪಕ್ಕದಲ್ಲೇ ಹುಗಿದ. ಮಕ್ಬುಲಸಾಬನೂ ಬಂದು ಒಂದು ಹಿಡಿ ಮಣ್ಣು ಹಾಕಿದ. ಬೋರ್ಡಿನ ಮೇಲೆ ಪ್ರಭುರಾಜನ ಹೆಸರು ಇಳಿಯಿತು, ಇಳಿದೇ ಇದೆ. ಈ ವರ್ಷ ಎಮ್ಮೆ ಮತ್ತೆ ಈದಿದೆ. ಅದೂ ಗಂಡೇ. ಬಂದು ನೋಡಿ ಬೇಕಾದರೆ, ಹಿಡಿಯಲು ಇಬ್ಬರು ಬೇಕು ಅದನ್ನು. ಆದರೆ ಸತ್ತದ್ದು ಅದರಿಂದ ಬದುಕಿ ಬರುವುದಿಲ್ಲ. ಪ್ರಭುರಾಜನಿಗೆ ಗೊತ್ತು. ಅದಕ್ಕೇ ಆ ಕೈ ಕಂಕುಳಲ್ಲಿ.

ದೆವ್ವ ಗಿವ್ವ ಸುಳ್ಳು, ಕೆಚ್ಚಲ ಬಾವು ಬಂದು ಒಂದು ಮೊಲೆ ಬತ್ತಿರಬೇಕು ಎಂದು ತಿಳಿದವರು ಹೇಳಿದರು. ಇರಬಹುದು. ನಾನು ಕಂಡದ್ದನ್ನು ಹೇಳಿ ಮುಗಿಸುತ್ತೇನೆ.

ಹಸಿದ ಕರುವಿನ ಸೆಗಣಿ ಬಿಳಚಿಕೊಂಡು ನೀರಾಗಿರುತ್ತದೆ. ಹೊಟ್ಟೆತುಂಬ ಹಾಲು ಕುಡಿದ ಕರುವಿನದು ಅರಿಶಿನದಂತೆ ಹಳದಿ, ಅಂಟು. ದನ ಕಟ್ಟಿದ ಯಾರನ್ನಾದರೂ ಕೇಳಿ. ಆ ಕರು ಬದುಕಿದ್ದ ಇಪ್ಪತ್ತೊಂದು ದಿನವೂ ಬಿಳಚಿದ್ದನ್ನೇ ಹಾಕಿತ್ತು, ಬಳಿದವಳು ಶಿವಲೀಲಾ. ಅವತ್ತು ಬೆಳಿಗ್ಗೆ, ಕರುವೇ ಇಲ್ಲದ ಆ ಕೊಟ್ಟಿಗೆಯಲ್ಲಿ, ಹುಲ್ಲಿನ ಕರು ನೇತುಬಿದ್ದ ಗೂಟದ ನೇರ ಕೆಳಗೆ, ನೆಲದ ಮೇಲೆ ಅಂಗೈಯಗಲ ಹಳದಿ ಸೆಗಣಿ ಬಿದ್ದಿತ್ತು.

ನಾನೇ ಬೆರಳಿಟ್ಟು ನೋಡಿದೆ. ಬೆಚ್ಚಗಿತ್ತು.