ಬುಟ್ಟಿ ಸಮೇತ ಒಂದು ಕೋಳಿ

ಪ್ರಶ್ನೆಪತ್ರಿಕೆ ಹಿಡಿದು ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಮೇಷ್ಟ್ರ ಕಿವಿ ಮುಂದಿನವರ ಮಾತಿಗೆ ನೆಟ್ಟಗಾಯಿತು. ಒಬ್ಬಾಕೆ ಊರ ಕೋರ್ಟಿನ ಗುಮಾಸ್ತೆ. ಇನ್ನೊಬ್ಬ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನ. ಅವನ ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

“ಎರಡು ಮನೆಯವರು ಜಗಳಾಡ್ತಿರೋ ಕೋಳೀನ ಕೋರ್ಟಿಗೆ ತಂದೊಪ್ಪಿಸಿದ ದಿನ ಅದರ ಕೆಳಗೆ ಮೊಟ್ಟೆ ಇದ್ಯಾ ಅಂತ ನೋಡ್ಲಿಲ್ವಾ ಅಣ್ಣ?”

“ಕೈ ಹಾಕಿದ್ರೆ ಕುಕ್ತಿತ್ತು ಮೇಡಂ. ನೀವೂ ‘ಬುಟ್ಟಿ ಸಮೇತ ಒಂದು ಕೋಳಿ’ ಅಂತ ಬರ್ಕೊಂಡ್ರಲ್ಲ.”

“ಸಾಹೇಬ್ರು ಬೇರೆ ಸರಿಯಾಗಿ ಮೂರು ವಾರ ವಾಯಿದೆ ಕೊಟ್ರು.”

“ಕಾವಿಗೆ ಅಂತ ಕೋಳಿ ಕೇಳಿದ್ರೂ ಅಷ್ಟೇ ಕೇಳ್ತಿತ್ತು.”

ಮೇಷ್ಟ್ರು ಕೆಮ್ಮಿ ನಗು ನುಂಗಿಕೊಂಡರು.

“ಹೋಗ್ಲಿ, ಎರಡು ಮನೆಯವರೂ ರಾಜಿಗೆ ಒಪ್ಪಿದ್ದಾರೆ. ಕೋಳಿ ವಾರಕ್ಕೊಬ್ಬರ ಮನೇಲಿ, ಆರು ಮರೀಲಿ ತಲಾ ಮೂರು.”

“ಬರೋ ದಾರೀಲಿ ಏಳಾಯ್ತು ಮೇಡಂ.”

“ಅಯ್ಯೋ ದೇವ್ರೆ. ಏಳನೇದಕ್ಕೆ ಮತ್ತೆ ಜುಟ್ಟು ಜುಟ್ಟು ಹಿಡ್ಕೋತಾರೆ.”

“ಇನ್ನೊಂದು ಮೊಟ್ಟೆ ಬಿರುಕು ಬಿಟ್ಟಿದೆ.”

“ಹನ್ನೊಂದಕ್ಕೆ ಕೇಸು. ಅಷ್ಟರಲ್ಲಿ ಆಚೆ ಬರುತ್ತಾ?”

“ನಾನು ಮೂರು ಸಲ ಕೂಗಿದ್ರೆ ಎಂಥವರೂ ಬಂದಿದ್ದಾರೆ.”

ಗುಮಾಸ್ತೆ ರಾಜಿಪತ್ರದಲ್ಲಿದ್ದ ಆರನ್ನೂ ಮೂರನ್ನೂ ಹೊಡೆದುಹಾಕಿ, ಧೈರ್ಯ ಮಾಡಿ ಎಂಟು, ತಲಾ ನಾಲ್ಕು ಎಂದು ಬರೆದು, ಪ್ರತಿ ತೆಗೆಸಿಕೊಂಡಳು. ಇಬ್ಬರೂ ಮೆಟ್ಟಿಲಿಳಿದರು. ಜವಾನ ಬುಟ್ಟಿಯತ್ತ ಬಗ್ಗಿ, ಕೋರ್ಟಿನದೇ ದನಿಯಲ್ಲಿ ಕೂಗಿದ:

“ಎಂಟನೇ ಮರಿ ಹಾಜರಿದ್ದಾರಾ?”

ಎರಡನೆಯ ಕೂಗು ರಸ್ತೆಯ ತಿರುವಿನಿಂದ ಕೇಳಿಸಿತು. ಮೇಷ್ಟ್ರು ತಮ್ಮ ಸರದಿ ಮರೆತು, ಕಿವಿಗೊಟ್ಟು ಕಾದರು.

ಮೂರನೆಯದು ಗುಮಾಸ್ತೆಯ ದನಿಯಲ್ಲಿತ್ತು.